ಒಬ್ಬನ ಸಹಿ, ಎಲ್ಲರ ಬಾಕಿ



ನೀನು ರಾಮನಗರದಲ್ಲಿ ಇಬ್ಬರು ಸ್ನೇಹಿತರ ಜೊತೆ ಸೇರಿ ರೇಷ್ಮೆ ನೂಲು ತೆಗೆಯುವ ಘಟಕ ಹಾಕುತ್ತಿರುವ ಸುದ್ದಿ ಕೇಳಿ ಸಂತೋಷವಾಯಿತು. ಗೂಡಿನ ಮಾರುಕಟ್ಟೆ ಊರಲ್ಲೇ ಇದೆ, ಕೆಲಸ ಬಲ್ಲವರೂ ಸಿಗುತ್ತಾರೆ. ಬಂಡವಾಳ ಯಾರದೆಷ್ಟು, ಲಾಭ ಹೇಗೆ ಹಂಚಿಕೆ ಎಂಬುದೆಲ್ಲ ಮಾತಾಗಿದೆಯಂತೆ. ನಷ್ಟವಾದರೆ ಸಾಲ ಕೊಟ್ಟವರು ಯಾರ ಮನೆ ಬಾಗಿಲಿಗೆ ಬರುತ್ತಾರೆ ಎಂಬ ಮಾತನ್ನು ಮಾತ್ರ ಯಾರೂ ಎತ್ತಿಲ್ಲ.

1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ ಪ್ರಕಾರ, ಸಂಸ್ಥೆಯ ವ್ಯವಹಾರದ ಮಟ್ಟಿಗೆ ಪ್ರತಿಯೊಬ್ಬ ಪಾಲುದಾರನೂ ಸಂಸ್ಥೆಯ ಏಜೆಂಟ್. ಚನ್ನಪಟ್ಟಣದಲ್ಲಿ ಮೂವರು ಸೇರಿ ಬೊಂಬೆ ಕಾರ್ಖಾನೆ ನಡೆಸುತ್ತಾರೆ ಎಂದಿಟ್ಟುಕೋ. ಒಬ್ಬ ಸಂಸ್ಥೆಯ ಹೆಸರಲ್ಲಿ ಒಂದು ಲೋಡು ಆಲೆ ಮರ, ಜೊತೆಗೆ ಅರಗು ಉದ್ರಿ ತಂದ. ಉಳಿದಿಬ್ಬರಿಗೆ ಗೊತ್ತೇ ಇಲ್ಲ. ಆದರೂ ಬಾಕಿ ಮೂವರದು. ‘ಐವತ್ತು ಸಾವಿರ ಮೀರಿದರೆ ಇಬ್ಬರ ಸಹಿ ಬೇಕು’ ಎಂದು ಪಾಲುದಾರಿಕೆಯ ಡೀಡಿನಲ್ಲಿ ಬರೆದಿದ್ದರೂ, ಮರದ ವ್ಯಾಪಾರಿಗೆ ಅದು ತಿಳಿದಿರದಿದ್ದರೆ ಆ ಷರತ್ತು ಅವನಿಗೆ ಅನ್ವಯಿಸುವುದಿಲ್ಲ. ಅಂಥ ಷರತ್ತನ್ನು ಮಾಲು ಕೊಡುವವರಿಗೂ ಬ್ಯಾಂಕಿಗೂ ಬರವಣಿಗೆಯಲ್ಲೇ ಮುಟ್ಟಿಸಿಬಿಡು.

ಈ ಅಧಿಕಾರಕ್ಕೆ ಮಿತಿಯೂ ಉಂಟು. ಕನಕಪುರದಲ್ಲಿ ಸೈಟು ಅಗ್ಗಕ್ಕೆ ಸಿಕ್ಕಿತೆಂದು ಒಬ್ಬನೇ ಹೋಗಿ ಸಂಸ್ಥೆಯ ಪರವಾಗಿ ಕೊಳ್ಳುವಂತಿಲ್ಲ. ಬರಬೇಕಾದ ಬಾಕಿ ಬಿಟ್ಟುಕೊಡಲೂ ಹೂಡಿದ ದಾವೆ ಹಿಂತೆಗೆದುಕೊಳ್ಳಲೂ ಉಳಿದವರ ಒಪ್ಪಿಗೆ ಬೇಕು. ಆ ವ್ಯಾಪಾರದಲ್ಲಿ ಹಾಗೆ ರೂಢಿಯಿದ್ದರೆ ಮಾತು ಬೇರೆ.

ನಿಜವಾದ ಭಾರ ಇರುವುದು ಅದೇ ಕಾಯ್ದೆಯ 25ನೇ ಕಲಮಿನಲ್ಲಿ. ಸಂಸ್ಥೆಯ ಸಾಲಕ್ಕೆ ಪಾಲುದಾರರೆಲ್ಲ ಜಂಟಿಯಾಗಿಯೂ ಹೊಣೆ, ಪ್ರತ್ಯೇಕವಾಗಿಯೂ ಹೊಣೆ. ಹತ್ತು ಲಕ್ಷ ಬಾಕಿಯಿದ್ದರೆ ಪೂರ್ತಿ ಹತ್ತು ಲಕ್ಷವನ್ನೂ ನಿನ್ನೊಬ್ಬನಿಂದಲೇ ವಸೂಲಿ ಮಾಡಬಹುದು. ಗೆಳೆಯರ ಪಾಲನ್ನು ಅವರಿಂದ ಪಡೆಯುವ ಪಾಡು ನಿನ್ನದು. ಕರ್ನಾಟಕದಿಂದಲೇ ಹೋದ ದೇನಾ ಬ್ಯಾಂಕ್ ಪ್ರಕರಣದಲ್ಲಿ 2000ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಸಂಸ್ಥೆಯೊಂದರ ಮಾರಾಟ ತೆರಿಗೆ ಬಾಕಿಗಾಗಿ ರಾಜ್ಯ ಸರ್ಕಾರ ಪಾಲುದಾರರ ಆಸ್ತಿಗೆ ಕೈಹಾಕಿತ್ತು. ಅದು ತನಗೆ ಅಡಮಾನವಾದ ಆಸ್ತಿ ಎಂದು ಬ್ಯಾಂಕ್ ವಾದಿಸಿತ್ತು. ಪಾಲುದಾರರ ಸ್ವಂತ ಆಸ್ತಿಯಿಂದಲೂ ಸಂಸ್ಥೆಯ ತೆರಿಗೆ ವಸೂಲಿ ಮಾಡಬಹುದು ಎಂದು ನ್ಯಾಯಾಲಯ ಹೇಳಿತು. ಅಂದರೆ ನೀವು ಮೂವರೂ ದುಡಿದು ಕಟ್ಟಿಕೊಂಡ ಮನೆಗಳೂ ಈ ಲೆಕ್ಕದೊಳಗೆ ಬರುತ್ತವೆ. ಅಪ್ಪನ ಹೆಸರಿನ ಹೊಲವನ್ನು ಅಡಮಾನಕ್ಕೆ ಕೇಳಿದರೆ ಹತ್ತು ಸಲ ಯೋಚಿಸು.

ಪಾಲುದಾರಿಕೆ ಬಿಟ್ಟು ಬರುವಾಗಲೂ ಅಷ್ಟೇ ಎಚ್ಚರ ಬೇಕು. ಮಾಗಡಿಗೆ ಹೋಗಿ ಬೇರೆ ವ್ಯಾಪಾರ ಹಿಡಿದ ಮಾತ್ರಕ್ಕೆ ಹಳೆಯ ಸಾಲ ಕಳಚುವುದಿಲ್ಲ. ಸಾಲ ಕೊಟ್ಟವರು ಒಪ್ಪಿ ಬಿಡುಗಡೆ ಮಾಡಬೇಕು. ಮುಂದಿನ ಸಾಲದಿಂದ ಪಾರಾಗಲು ಸಾರ್ವಜನಿಕ ನೋಟಿಸ್ ಬೇಕು: ನೋಂದಾಯಿತ ಸಂಸ್ಥೆಯಾದರೆ ರಿಜಿಸ್ಟ್ರಾರರಿಗೆ ತಿಳಿಸಿ, ರಾಜ್ಯಪತ್ರದಲ್ಲೂ ಜಿಲ್ಲೆಯಲ್ಲಿ ಓಡಾಡುವ ಒಂದು ಕನ್ನಡ ಪತ್ರಿಕೆಯಲ್ಲೂ ಪ್ರಕಟಿಸಬೇಕು.

ನೋಂದಣಿಯನ್ನು ಮೊದಲೇ ಮಾಡಿಸು. ನೋಂದಣಿಯಾಗದ ಸಂಸ್ಥೆ ನೂಲಿನ ಬಾಕಿಗಾಗಿ ಗಿರಾಕಿಯ ಮೇಲೆ ದಾವೆ ಹೂಡಲಾಗದು, ಆದರೆ ಅದರ ಮೇಲೆ ಬೇರೆಯವರು ಹೂಡಬಹುದು. 2008ರ ಕಾಯ್ದೆಯಡಿ ಸೀಮಿತ ಹೊಣೆಗಾರಿಕೆ ಪಾಲುದಾರಿಕೆ, ಅಂದರೆ ಎಲ್‌ಎಲ್‌ಪಿ, ಮಾಡಿಕೊಂಡರೆ ಗೆಳೆಯನ ತಪ್ಪಿಗೆ ನಿನ್ನ ಮನೆ ಹೋಗುವುದಿಲ್ಲ. ಆದರೆ ಸಾಲಕ್ಕೆ ಬ್ಯಾಂಕ್ ಜಾಮೀನು ಕೇಳಿ ನೀನು ಸಹಿ ಹಾಕಿದರೆ ಆ ರಕ್ಷಣೆ ಅಲ್ಲಿಗೆ ನಿಲ್ಲುತ್ತದೆ. ಡೀಡಿನ ಕರಡು ಸಿದ್ಧವಾದ ಕೂಡಲೇ ಮೂವರೂ ಒಟ್ಟಿಗೆ ವಕೀಲರ ಮುಂದೆ ಕೂತು ಓದಿಸಿಕೊಳ್ಳಿ.