ಒಂದು ಬೆಳ್ಳಿ ಪಿನ್ನಿನ ಕಥೆ

ಸೆರಗು ಜಾರಬಾರದು ಅಂತ ಅಕ್ಕಂದಿರು ಪಿನ್ನು ಹಾಕ್ತಾರೆ. ಅಂಗಿ ಗುಂಡಿ ಕಿತ್ತರೆ ಅಣ್ಣಂದಿರೂ ಪಿನ್ನನ್ನೇ ಹುಡುಕ್ತಾರೆ. ಪಿನ್ನು ಸಣ್ಣ ವಸ್ತು. ಕಳೆದರೆ ಯಾರೂ ಚಿಂತೆ ಮಾಡೋದಿಲ್ಲ. ಆದರೆ ಒಂದು ಹಳೆಯ ಪಿನ್ನು ಒಂದು ನಾಡಿನ ಚರಿತ್ರೆಯನ್ನೇ ಹೇಳಿತು. ಅದು ಹೇಗೆ? ಓದೋಣ ಬನ್ನಿ.

ಸ್ಕಾಟ್ಲೆಂಡ್ ಎಂಬ ದೇಶ ಇಂಗ್ಲೆಂಡಿನ ಉತ್ತರಕ್ಕಿದೆ. ಅಲ್ಲಿ ಚಳಿ ಬಹಳ. ಸುಮಾರು 1500 ವರ್ಷಗಳ ಹಿಂದೆ ಆ ದೇಶದ ಉತ್ತರ ಭಾಗದಲ್ಲಿ ಪಿಕ್ಟ್ ಎಂಬ ಜನ ಇದ್ದರು. ಕನ್ನಡದ ಹಳೆಯ ಹಲ್ಮಿಡಿ ಶಾಸನವನ್ನು ಕಲ್ಲಿನಲ್ಲಿ ಕೆತ್ತಿದ್ದು ಹೆಚ್ಚುಕಡಿಮೆ ಅದೇ ಕಾಲಕ್ಕೆ. ಆಗ ಅಲ್ಲಿ ಬಟ್ಟೆಗೆ ಗುಂಡಿ-ಕಾಜಾ ಹಾಕುವ ರೂಢಿ ಇರಲಿಲ್ಲ. ಹೊದ್ದ ಬಟ್ಟೆಗೆ ಪಿನ್ನು ಚುಚ್ಚುತ್ತಿದ್ದರು. ಬಡವರದು ಎಲುಬಿನ ಪಿನ್ನು. ದೊಡ್ಡವರದು ಬೆಳ್ಳಿ ಪಿನ್ನು. ಪಿನ್ನು ನೋಡಿದರೆ ಸಾಕು, ಇವರು ದೊಡ್ಡ ಮನೆತನದವರು ಅಂತ ಗೊತ್ತಾಗುತ್ತಿತ್ತು.

ಅಂಥ ಒಂದು ಬಗೆಯ ಪಿನ್ನಿಗೆ ‘ಕೈ ಪಿನ್ನು’ ಎಂದು ಹೆಸರು. ಅದರ ಕಡ್ಡಿ ಉದ್ದ. ಮೇಲೆ ತಲೆಯ ಹತ್ತಿರ ಕಡ್ಡಿ ಮುಂದಕ್ಕೆ ಬಾಗಿರುತ್ತದೆ. ತಲೆಯ ಆಕಾರ ಬೆರಳು ಚಾಚಿದ ಅಂಗೈಯಂತೆ. ಅದರ ಮೇಲೆ ಸಣ್ಣ ಸಣ್ಣ ಚಿತ್ತಾರ. ಒಳ್ಳೆ ಅಕ್ಕಸಾಲಿಗನ ಕೆಲಸ ಅದು.

1830ರ ದಶಕದಲ್ಲಿ ಸ್ಕಾಟ್ಲೆಂಡಿನ ಗಾಲ್‌ಕ್ರಾಸ್ ಎಂಬಲ್ಲಿ ಹೊಲ ಹಸನು ಮಾಡುತ್ತಿದ್ದರು. ಅಲ್ಲಿದ್ದ ಪುರಾತನ ಕಲ್ಲುಗಳನ್ನು ತೆಗೆದುಹಾಕುವಾಗ ಬೆಳ್ಳಿಯ ನಿಧಿ ಸಿಕ್ಕಿತು. ಅದರಲ್ಲಿ ಮೂರೇ ವಸ್ತು ಉಳಿದವು: ಒಂದು ಕೈ ಪಿನ್ನು, ಒಂದು ಸರಪಳಿ, ಒಂದು ಬಳೆ. ಉಳಿದದ್ದು ಕಳೆದೇ ಹೋಯಿತು.

ಅದಕ್ಕೂ ಮೊದಲು, ಸುಮಾರು 1819ರಲ್ಲಿ, ಅದೇ ದೇಶದ ಫೈಫ್ ಪ್ರಾಂತದಲ್ಲಿ ಇನ್ನೊಂದು ಬೆಳ್ಳಿ ನಿಧಿ ಸಿಕ್ಕಿತ್ತು. ಅದರ ಹೆಚ್ಚಿನ ಪಾಲನ್ನು ಮಾರಿಬಿಟ್ಟರು. ಕೊಂಡವರು ಕರಗಿಸಿಬಿಟ್ಟರು. ಅವರಿಗೆ ಕಂಡಿದ್ದು ಬೆಳ್ಳಿಯ ತೂಕ ಮಾತ್ರ.

2013ರಲ್ಲಿ ಸಂಶೋಧಕರು ಗಾಲ್‌ಕ್ರಾಸಿನ ಅದೇ ಹೊಲಕ್ಕೆ ಮತ್ತೆ ಹೋದರು. ಲೋಹ ಪತ್ತೆ ಮಾಡುವ ಯಂತ್ರ ಹಿಡಿದು ನೆಲ ಹುಡುಕಿದರು. 100ಕ್ಕೂ ಹೆಚ್ಚು ಬೆಳ್ಳಿ ಚೂರು ಸಿಕ್ಕವು! ಅವುಗಳಲ್ಲಿ ರೋಮ್ ಸಾಮ್ರಾಜ್ಯದ ನಾಣ್ಯ ಇದ್ದವು. ಕತ್ತರಿಸಿದ ಪಾತ್ರೆ ತುಂಡು ಇದ್ದವು.

ಇದರಿಂದ ಏನು ತಿಳಿಯಿತು? ಆ ಕಾಲದಲ್ಲಿ ಅಲ್ಲಿಯ ಜನ ಬೆಳ್ಳಿ ಗಣಿ ತೋಡುತ್ತಿರಲಿಲ್ಲ. ಬೆಳ್ಳಿ ಬಂದದ್ದು ರೋಮನ್ನರಿಂದ. ಹಳೆ ಪಾತ್ರೆ, ನಾಣ್ಯ ಕತ್ತರಿಸಿ, ಕರಗಿಸಿ ಇಂಥ ಪಿನ್ನು, ಸರಪಳಿ ಮಾಡಿದರು. ಪಿನ್ನು ಒಂದೇ ಇದ್ದಾಗ ಅದು ಬರೀ ಒಡವೆ. ಚೂರುಗಳ ಜತೆ ಇಟ್ಟು ನೋಡಿದಾಗ ಅದು ಚರಿತ್ರೆ.

ನೀವು ಕೇಳಬಹುದು: “ಅವರೂ ಕರಗಿಸಿದರಲ್ಲ, ನಾವು ಕರಗಿಸಿದರೆ ಏನು ತಪ್ಪು?” ಅವರಿಗೆ ಅದು ಆಗಿನ ಕಾಲದ ಬೆಳ್ಳಿ. ನಮಗೆ ಅದು ಹಿಂದಿನವರ ಗುರುತು. ಕರಗಿದ ಮೇಲೆ ತೊಲೆ ಲೆಕ್ಕ ಉಳಿಯುತ್ತದೆ, ಗುರುತು ಉಳಿಯೋದಿಲ್ಲ.

ನಮ್ಮ ಹೊಲದಲ್ಲಿ ಸಿಕ್ಕರೆ?

ನೇಗಿಲು ಹೊಡೆಯುವಾಗ, ಬಾವಿ ತೋಡುವಾಗ, ಪಾಯ ಅಗೆಯುವಾಗ ಹಳೆ ನಾಣ್ಯ, ಒಡವೆ ಸಿಗಬಹುದು. ಇದಕ್ಕೆ ನಮ್ಮ ದೇಶದಲ್ಲಿ 1878ರ ಭಾರತೀಯ ನಿಧಿ ಕಾಯ್ದೆ ಇದೆ. ಕೆಲವು ರಾಜ್ಯಗಳಲ್ಲಿ ಬೇರೆ ಕಾಯ್ದೆಯೂ ಇದೆ. 1878ರ ಕಾಯ್ದೆ ಹೀಗೆ ಹೇಳುತ್ತದೆ:

1. 10 ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು. ಏನು ಸಿಕ್ಕಿತು, ಎಷ್ಟು, ಎಲ್ಲಿ, ಯಾವ ತಾರೀಖಿಗೆ ಎಂದು ಬರೆಯಬೇಕು.

2. ವಿಚಾರಣೆ ಆಗಿ, ಅದಕ್ಕೆ ವಾರಸುದಾರರಿಲ್ಲ ಎಂದು ತೀರ್ಮಾನ ಆದರೆ, ಸಿಕ್ಕವರಿಗೆ ಮುಕ್ಕಾಲು ಪಾಲು, ಹೊಲದ ಮಾಲೀಕರಿಗೆ ಕಾಲು ಪಾಲು. ಇಬ್ಬರ ನಡುವೆ ಬೇರೆ ಒಪ್ಪಂದ ಇದ್ದರೆ ಅದರಂತೆ.

3. ಸರಕಾರ ಅದನ್ನು ಇಟ್ಟುಕೊಂಡರೆ ಲೋಹದ ಬೆಲೆ, ಅದರ ಮೇಲೆ ಐದನೇ ಒಂದು ಪಾಲು ಹೆಚ್ಚು ಕೊಡಬೇಕು.

4. ಮುಚ್ಚಿಟ್ಟರೆ ಪಾಲೂ ಹೋಗುತ್ತದೆ. ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ ಆಗಬಹುದು.

ಅಂದರೆ ಕೂಲಿಗೆ ಹೋದವರಿಗೂ ಪಾಲಿನ ಹಕ್ಕು ಇದೆ. ‘ಬಾಯಿ ಮುಚ್ಚು, ನೂರು ರೂಪಾಯಿ ತಗೋ’ ಅಂದವರ ಮಾತಿಗೆ ಮರುಳಾಗಬೇಡಿ. ಸಿಕ್ಕ ವಸ್ತುವನ್ನು ಉಜ್ಜಿ ತೊಳೆಯಬೇಡಿ. ಜಾಗ ಗುರುತು ಮಾಡಿ. ತಲಾಠಿಯನ್ನು ಕರೆಯಿರಿ. ಅರ್ಜಿಯನ್ನು ಬೇರೆಯವರ ಕೈಲಿ ಬರೆಸಬೇಕಾಗಿಲ್ಲ. ಈಗ ನಿಮಗೆ ಅಕ್ಷರ ಬರುತ್ತದೆ. ನಾಲ್ಕು ಸಾಲು ನೀವೇ ಬರೆಯಿರಿ, ಒಂದು ನಕಲು ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಪದಗಳ ಅರ್ಥ

ನಿಧಿ – ನೆಲದಲ್ಲಿ ಹುದುಗಿದ ಬೆಲೆಬಾಳುವ ವಸ್ತು
ಚಿತ್ತಾರ – ಕುಸುರಿಯ ಅಲಂಕಾರ
ವಾರಸುದಾರ – ಆಸ್ತಿಗೆ ಹಕ್ಕುಳ್ಳವರು

ಪ್ರಶ್ನೆಗಳು

1. ಕೈ ಪಿನ್ನು ಎಂದು ಹೆಸರು ಏಕೆ ಬಂತು?
2. 2013ರಲ್ಲಿ ಹೊಲದಲ್ಲಿ ಏನೇನು ಸಿಕ್ಕವು?
3. ಸಿಕ್ಕವರಿಗೆ ಎಷ್ಟು ಪಾಲು, ಮಾಲೀಕರಿಗೆ ಎಷ್ಟು?

ಮಾಡಿ ನೋಡಿ: ನಿಮ್ಮ ಹೊಲದಲ್ಲಿ ಐದು ಹಳೆ ನಾಣ್ಯ ಸಿಕ್ಕಿವೆ ಎಂದು ತಿಳಿಯಿರಿ. ಜಿಲ್ಲಾಧಿಕಾರಿಗೆ ನಾಲ್ಕು ಸಾಲಿನ ಅರ್ಜಿ ಬರೆದು, ಕೆಳಗೆ ಸಹಿ ಮಾಡಿ. ಹೆಬ್ಬೆಟ್ಟು ಬೇಡ!