ಉತ್ತರ ಸರಿಯಿದೆಯೆಂದು ಹೇಗೆ ಗೊತ್ತು?

ಪ್ರಿಯ ವಿದ್ಯಾರ್ಥಿನಿ,

ಫೈನೈಟ್ ಎಲಿಮೆಂಟ್ ವಿಧಾನದಲ್ಲಿ ಪಿಎಚ್‌ಡಿಗೆ ಸೇರಿದ್ದೀಯೆ, ಸಂತೋಷ. ಬೇಗನೇ ನಿನ್ನ ಪರದೆಯ ಮೇಲೆ ಕೆಂಪು, ಹಳದಿ, ನೀಲಿಯ ಸ್ಟ್ರೆಸ್ ಚಿತ್ರಗಳು ಮೂಡುತ್ತವೆ. ನೋಡಿದವರೆಲ್ಲ ಮೆಚ್ಚುತ್ತಾರೆ. ಆದರೆ ಲೆಕ್ಕ ತಪ್ಪಿದಾಗಲೂ ಆ ಚಿತ್ರಗಳು ಅಷ್ಟೇ ಚೆಂದವಾಗಿರುತ್ತವಮ್ಮ. ಅದಕ್ಕೇ ಈ ಪತ್ರ.

1991ರ ಆಗಸ್ಟ್ 23ರಂದು ನಾರ್ವೆಯ ಸ್ಟಾವಾಂಗರ್ ಬಳಿ ಸ್ಲೈಪ್ನರ್-ಎ ಎಂಬ ಕಡಲ ವೇದಿಕೆಯ ಕಾಂಕ್ರೀಟ್ ತಳವನ್ನು ಪರೀಕ್ಷೆಗೆಂದು ನೀರಿನಲ್ಲಿ ಆಳಕ್ಕೆ ಇಳಿಸುತ್ತಿದ್ದರು. ತಳದೊಳಗಿನ ಕೋಶಗಳು ಕೂಡುವಲ್ಲಿ ಒಂದು ಗೋಡೆ ಬಿರಿದು ನೀರು ನುಗ್ಗಿತು. ಇಡೀ ತಳ ಮುಳುಗಿ ಪುಡಿಯಾಯಿತು. ಜೀವಹಾನಿಯಾಗಲಿಲ್ಲ, ನಷ್ಟ ಮಾತ್ರ ಸುಮಾರು 70 ಕೋಟಿ ಡಾಲರ್. ವಿನ್ಯಾಸಕ್ಕೆ ಮಾಡಿದ ಫೈನೈಟ್ ಎಲಿಮೆಂಟ್ ಲೆಕ್ಕದಲ್ಲಿ ಆ ಕೂಡುಜಾಗದ ಮೆಶ್, ಅಂದರೆ ಎಲಿಮೆಂಟುಗಳ ಜಾಲ, ಒರಟಾಗಿತ್ತು, ಎಲಿಮೆಂಟುಗಳ ಆಕಾರವೂ ಸೊಟ್ಟಗಿತ್ತು. ಹಾಗಾಗಿ ಶಿಯರ್ ಸ್ಟ್ರೆಸ್ ಶೇ. 47ರಷ್ಟು ಕಡಿಮೆ ಬಂದಿತ್ತು. ಅದನ್ನು ನಂಬಿ ಗೋಡೆಯನ್ನು ತೆಳುವಾಗಿಸಿದ್ದರು, ಒಳಗಿನ ಕಂಬಿಗಳ ಜೋಡಣೆಯೂ ಸಾಲದಾಗಿತ್ತು. ನಂತರ ಎಚ್ಚರಿಕೆಯಿಂದ ಮಾಡಿದ ಲೆಕ್ಕ, ಗೋಡೆ 62 ಮೀಟರ್ ಆಳದಲ್ಲಿ ಒಡೆಯಬೇಕು ಎಂದಿತು. ಒಡೆದದ್ದು 65 ಮೀಟರಿನಲ್ಲಿ. ವಿಧಾನಕ್ಕೆ ಶಕ್ತಿಯಿತ್ತು, ಅದನ್ನು ಯಾರೂ ಸಾಕಷ್ಟು ಕೆದಕಿ ಕೇಳಿರಲಿಲ್ಲ.

ನೀನು ಕೇಳುವುದನ್ನು ಮೊದಲ ದಿನದಿಂದಲೇ ರೂಢಿಸಿಕೋ. ಸಿದ್ಧ ಸಾಫ್ಟ್‌ವೇರ್ ಮುಟ್ಟುವ ಮೊದಲು ಪುಟ್ಟ ಕೋಡ್ ಒಂದನ್ನು ನೀನೇ ಬರೆ. ಉತ್ತರವನ್ನು ಮೊದಲೇ ಆರಿಸಿಕೋ, ಒಂದು ಸೈನ್ ಫಲನ ಸಾಕು. ಆ ಉತ್ತರ ಬರಬೇಕಾದರೆ ಎಂಥ ಬಲ ಬೇಕೆಂದು ಸಮೀಕರಣದಿಂದ ಕೈಯಲ್ಲೇ ಲೆಕ್ಕ ಹಾಕು. ಆ ಬಲವನ್ನು ಕೋಡಿಗೆ ಕೊಟ್ಟು, ಎಲಿಮೆಂಟಿನ ಗಾತ್ರವನ್ನು ಅರ್ಧ, ಮತ್ತೆ ಅರ್ಧ ಮಾಡುತ್ತ ಹೋಗು. ಸರಳ ಲೀನಿಯರ್ ಎಲಿಮೆಂಟಾದರೆ ಸ್ಥಾನಪಲ್ಲಟದ ದೋಷ ಪ್ರತಿಸಲವೂ ಕಾಲುಭಾಗಕ್ಕೆ ಇಳಿಯಬೇಕು. ಲಾಗ್-ಲಾಗ್ ಗ್ರಾಫಿನಲ್ಲಿ ಗೆರೆಯ ಇಳಿಜಾರು 2 ಬರಬೇಕು. 1.6 ಬಂದರೆ "ಹತ್ತಿರ ಇದೆಯಲ್ಲ" ಎಂದು ಮುಂದೆ ಹೋಗಬೇಡ. ಕೋಡಿನಲ್ಲಿ ಎಲ್ಲೋ ತಪ್ಪಿದೆ. ಎಲ್ ಆಕಾರದ ತುಂಡಿನ ಒಳಮೂಲೆಯಂಥ ಕಡೆ ಇಳಿಜಾರು ನ್ಯಾಯವಾಗಿಯೇ ಕಡಿಮೆಯಾಗುತ್ತದೆ, ಆ ಮಾತು ಬೇರೆ. ಆದರೆ ಎಷ್ಟು ಕಡಿಮೆಯಾಗಬೇಕೆಂಬುದನ್ನೂ ಗಣಿತ ಮೊದಲೇ ಹೇಳುತ್ತದೆ.

ಇನ್ನು ಸಂಶೋಧನೆಯ ವಿಷಯ. ಹೊಸ ವಿಧಾನಕ್ಕೊಂದು ಹೊಸ ಹೆಸರಿಟ್ಟು ಪೇಪರ್ ಮಾಡುವ ಆತುರ ಈಗ ಎಲ್ಲೆಡೆ ಇದೆ. ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು "ಇದು ಏಕೆ ಹೀಗೆ?" ಎಂದು ಹಟ ಹಿಡಿದವರ ಕೆಲಸ. ಎರಡು ನೋಡ್‌ಗಳ ಟಿಮೊಶೆಂಕೊ ಬೀಮ್ ಎಲಿಮೆಂಟನ್ನೇ ತೆಗೆದುಕೋ. ಬೀಮ್ ದಪ್ಪವಿದ್ದಾಗ ಉತ್ತರ ಸರಿ ಇರುತ್ತದೆ. ತೆಳುವಾಗುತ್ತ ಹೋದಂತೆ ಅದು ಬಾಗಲೇ ಒಲ್ಲದು. ಇದನ್ನೇ ಲಾಕಿಂಗ್ ಎನ್ನುವುದು. ಇಂಟಿಗ್ರೇಶನ್ ಬಿಂದುಗಳನ್ನು ಕಡಿಮೆ ಮಾಡಿದರೆ ಈ ಕಾಯಿಲೆ ವಾಸಿಯಾಗುತ್ತದೆಂದು 1970ರ ದಶಕದಲ್ಲೇ ಗೊತ್ತಾಗಿತ್ತು, ಎಲ್ಲರೂ ಬಳಸುತ್ತಿದ್ದರು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ (ಎನ್‌ಎಎಲ್) ಬಹುಕಾಲ ದುಡಿದ ಗಂಗನ್ ಪ್ರತಾಪ್, ಭಾಷ್ಯಂ ಅವರ ಜೊತೆಗೂಡಿ 1982ರ ಪೇಪರಿನಲ್ಲಿ ಅದರ ಬೇರಿಗೇ ಇಳಿದರು.

ತೆಳು ಬೀಮಿನಲ್ಲಿ ಶಿಯರ್ ಸ್ಟ್ರೇನ್ ಸೊನ್ನೆಯಾಗಬೇಕು. ಈ ಎಲಿಮೆಂಟಿನಲ್ಲಿ ಅದರಿಂದ ಎರಡು ಷರತ್ತುಗಳು ಹುಟ್ಟುತ್ತವೆ. ಮೊದಲನೆಯದು, ಅಡ್ಡಕೊಯ್ತದ ಸರಾಸರಿ ತಿರುವು ಬೀಮಿನ ಇಳಿಜಾರಿಗೆ ಸಮ ಇರಬೇಕು, ಇದು ಸಹಜ. ಎರಡನೆಯದು, ಎಲಿಮೆಂಟಿನ ಉದ್ದಕ್ಕೂ ತಿರುವು ಬದಲಾಗಲೇಕೂಡದು. ತಿರುವು ಬದಲಾಗದೆ ಬೀಮ್ ಬಾಗುವುದು ಹೇಗೆ? ಈ ಷರತ್ತನ್ನು ಹಾಕಿದ್ದು ಪ್ರಕೃತಿಯಲ್ಲ, ಪಲ್ಲಟಕ್ಕೂ ತಿರುವಿಗೂ ಒಂದೇ ಬಗೆಯ ಸರಳರೇಖೆಗಳನ್ನು ಆರಿಸಿಕೊಂಡ ನಾವು. ನಡುಬಿಂದು ಒಂದರಲ್ಲೇ ಇಂಟಿಗ್ರೇಟ್ ಮಾಡಿದರೆ ಈ ಎರಡನೇ ಷರತ್ತು ಲೆಕ್ಕಕ್ಕೇ ಬರುವುದಿಲ್ಲ, ಬೀಮ್ ಬಾಗುತ್ತದೆ. ಅರ್ಧ ಪುಟದ ಬೀಜಗಣಿತವಮ್ಮ ಇದು. ಇವತ್ತೇ ಕಾಗದದ ಮೇಲೆ ಮಾಡಿ ನೋಡು. ಕೆಲಸ ಮಾಡುವ ಉಪಾಯದ ಹಿಂದಿನ ಕಾರಣವನ್ನು ಹೀಗೆ ಹೊರಗೆಳೆದರೆ ಅದೇ ದೊಡ್ಡ ಥೀಸಿಸ್.

ಗೈಡ್ ಹತ್ತಿರ ಹೋಗುವಾಗ ಬಣ್ಣದ ಚಿತ್ರ ಬಿಟ್ಟು ದೋಷದ ಗ್ರಾಫನ್ನು ಒಯ್ಯಿ. ಅದು ಕೆಟ್ಟಿದ್ದರೆ ಇನ್ನೂ ಬೇಗ ಒಯ್ಯಿ. ನಿನ್ನ ವಿಧಾನ ಯಾವ ಪದಾರ್ಥದಲ್ಲಿ, ಯಾವ ಮೆಶ್‌ನಲ್ಲಿ ಕೈಕೊಡುತ್ತದೆ ಎಂಬುದಕ್ಕೆ ಥೀಸಿಸ್‌ನಲ್ಲಿ ಒಂದು ಅಧ್ಯಾಯವನ್ನೇ ಮೀಸಲಿಡು, ಅನುಬಂಧಕ್ಕೆ ತಳ್ಳಬೇಡ. ಮುಂದೆ ನಿನ್ನ ಕೋಡ್ ಹಿಡಿದು ಸೇತುವೆಯನ್ನೋ ಅಣೆಕಟ್ಟನ್ನೋ ಲೆಕ್ಕ ಹಾಕುವ ಎಂಜಿನಿಯರ್ ಮೊದಲು ಹುಡುಕಬೇಕಾದದ್ದು ಆ ಪುಟಗಳನ್ನೇ.

ಇಂತಿ,
ನಿನ್ನ ಹಿತ ಬಯಸುವ ಮೇಷ್ಟ್ರು