ಗೋವೆಯ ಪುಡಿ

ಮೊಣಕೈ, ಮೊಣಕಾಲು, ನೆತ್ತಿ ಮೊದಲಾದೆಡೆಗಳಲ್ಲಿ ಕೆಂಪು ಮಚ್ಚೆಗಳೆದ್ದು, ಅವುಗಳ ಮೇಲೆ ಬೆಳ್ಳಿಯ ಬಣ್ಣದ ಹೊಟ್ಟು ಕಟ್ಟುವ ರೋಗಕ್ಕೆ ಸೋರಿಯಾಸಿಸ್ ಎಂದು ಹೆಸರು. ಆರೋಗ್ಯವಂತರಲ್ಲಿ ಹೊರಚರ್ಮದ ಜೀವಕೋಶವು ಅಡಿಪದರದಲ್ಲಿ ಹುಟ್ಟಿ, ಮೇಲೇರಿ, ಉದುರಿಹೋಗಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಈ ರೋಗದಲ್ಲಿ ಅದೇ ಪಯಣವು ಕೆಲವೇ ದಿನಗಳಲ್ಲಿ ಮುಗಿಯುವುದರಿಂದ, ಬಲಿಯದ ಕೋಶಗಳು ಒಂದರ ಮೇಲೊಂದು ಪದರಗಟ್ಟುತ್ತವೆ. ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪುವುದು ಇದಕ್ಕೆ ಕಾರಣ. ಇದು ಮುಟ್ಟಿದರೆ ಅಂಟುವ ರೋಗವಲ್ಲ. ಹಾಗಿದ್ದರೂ ಇದನ್ನು ಕುಷ್ಠವೆಂದು ಬಗೆದು ರೋಗಿಯನ್ನು ದೂರವಿರಿಸುವ ಜನರಿದ್ದಾರೆ. ಕುಷ್ಠರೋಗಿಯನ್ನಾದರೂ ಹಾಗೆ ದೂರವಿರಿಸುವುದು ನ್ಯಾಯವೇ ಎಂಬುದು ಬೇರೆಯೇ ಪ್ರಶ್ನೆ.

ಈ ರೋಗದ ಚಿಕಿತ್ಸೆಯ ಚರಿತ್ರೆಯಲ್ಲಿ ಒಂದು ಮರಕ್ಕೆ ವಿಶಿಷ್ಟ ಸ್ಥಾನವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ದೇಶದಲ್ಲಿ ಹುಳುಕಡ್ಡಿಗೆ 'ಗೋವೆಯ ಪುಡಿ'ಯನ್ನು ಹಚ್ಚುವ ರೂಢಿಯಿತ್ತು. ಹೆಸರು ಗೋವೆಯದಾದರೂ ಪುಡಿಯ ತವರು ಗೋವೆಯಲ್ಲ. ದೂರದ ಬ್ರೆಜಿಲಿನ ಬಾಹಿಯಾ ಸೀಮೆಯ ಕಾಡುಗಳಲ್ಲಿ ಬೆಳೆಯುವ ಅರರೋಬಾ ಎಂಬ ಮರದ ಕಾಂಡದ ಬಿರುಕುಗಳಲ್ಲಿ ಶೇಖರವಾಗುವ ಹಳದಿ ಪದಾರ್ಥವದು. ಪೋರ್ಚುಗೀಸರ ವ್ಯಾಪಾರದ ನಂಟಿನಿಂದ ಗೋವೆಯನ್ನು ಸೇರಿ, ಅದು ಆ ಊರಿನ ಹೆಸರನ್ನೇ ಪಡೆಯಿತು. 1876ರಲ್ಲಿ ಲಂಡನ್ನಿನ ಚರ್ಮವೈದ್ಯ ಬಾಲ್ಮನೊ ಸ್ಕ್ವೈರ್ ಎಂಬುವರು ಇದೇ ಪುಡಿಯು ಸೋರಿಯಾಸಿಸನ್ನು ಶಮನಗೊಳಿಸುವುದೆಂದು ತಿಳಿಸಿದರು. ಅದರ ಸತ್ತ್ವವಾದ ಕ್ರೈಸರೋಬಿನ್ ಯುರೋಪಿನಲ್ಲಿ ಬಹುಬೇಗ ಬಳಕೆಗೆ ಬಂದಿತು.

ಆದರೆ ಈ ಪುಡಿ ಸೌಮ್ಯವಾದುದಾಗಿರಲಿಲ್ಲ. ಅದು ಚರ್ಮವನ್ನು ಉರಿಸುತ್ತಿತ್ತು; ಬಟ್ಟೆಗೆ ಕಲೆ ಹಿಡಿಸುತ್ತಿತ್ತು; ಕಣ್ಣಿಗೆ ತಾಕಿದರೆ ಊತ ಬರುತ್ತಿತ್ತು. ಮರವನ್ನು ಕಡಿದು ಪುಡಿಯನ್ನು ಕೆರೆಯುವ ಕೂಲಿಗಳೇ ಮೊದಲು ಈ ಬಾಧೆಗೆ ಗುರಿಯಾಗುತ್ತಿದ್ದರು. ಗಿಡಮೂಲಿಕೆಯಿಂದ ಕೆಡುಕೇ ಇಲ್ಲವೆಂದು ನಂಬುವವರು ಇವರ ಕಣ್ಣುಗಳನ್ನು ನೆನೆಯಬೇಕು. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಜರ್ಮನಿಗೆ ಬ್ರೆಜಿಲಿನಿಂದ ಬರುವ ಸರಕು ನಿಂತುಹೋಯಿತು. ಆಗ ಜರ್ಮನಿಯ ರಸಾಯನಶಾಸ್ತ್ರಜ್ಞರು ಕ್ರೈಸರೋಬಿನ್ನಿನ ಮಾದರಿಯಲ್ಲೇ ಕೃತಕ ವಸ್ತುವೊಂದನ್ನು ಸಿದ್ಧಪಡಿಸಿದರು. ಗಲೆವ್ಸ್ಕಿ ಮತ್ತು ಉನ್ನಾ ಎಂಬ ವೈದ್ಯರು 1916ರಲ್ಲಿ ಅದರ ಗುಣವನ್ನು ಪ್ರಕಟಿಸಿದರು. ಇಂದು ಅದರ ಹೆಸರು ಡಿತ್ರನಾಲ್. ಕೋಶಗಳ ಆತುರದ ವಿಭಜನೆಯನ್ನು ಅದು ತಗ್ಗಿಸುತ್ತದೆ. ಆದರೆ ಉರಿಸುವ, ಕಲೆಮಾಡುವ ಗುಣವನ್ನು ಅದೂ ಬಿಟ್ಟಿಲ್ಲ!

ನಮ್ಮ ನಾಡಿನ ಬಾವಂಚಿಯ ಬೀಜವೂ ಹೀಗೆಯೇ ಪ್ರಯೋಗಶಾಲೆಯನ್ನು ಕಂಡಿದೆ. ತೊನ್ನಿಗೆ ಬಳಸುತ್ತಿದ್ದ ಈ ಬೀಜದಲ್ಲಿರುವ ಸೋರಲೆನ್ನಿನ ಕುಲಕ್ಕೆ ಸೇರಿದ ಔಷಧವನ್ನು ನುಂಗಿಸಿ, ಮೈಗೆ ಅತಿನೇರಳೆ ಕಿರಣಗಳನ್ನು ಹಾಯಿಸುವ ಚಿಕಿತ್ಸೆಯನ್ನು ಅಮೆರಿಕದ ವೈದ್ಯರು 1974ರಲ್ಲಿ ಸೋರಿಯಾಸಿಸ್‌ಗೆ ಪ್ರಯೋಗಿಸಿದರು. ಅಳತೆ ತಪ್ಪಿದರೆ ಇಲ್ಲಿಯೂ ಚರ್ಮ ಸುಡುತ್ತದೆ. 'ಶುದ್ಧ ಗಿಡಮೂಲಿಕೆ' ಎಂದು ಮಾರುವ ಕೆಲವು ಮುಲಾಮುಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಗುಟ್ಟಾಗಿ ಬೆರೆಸಿದ ಸ್ಟೀರಾಯ್ಡ್ ಸಿಕ್ಕಿದ್ದುಂಟು. ಅಂಥ ಮುಲಾಮಿನಿಂದ ಮಚ್ಚೆಗಳು ಬೇಗ ಮಾಯವಾಗಬಹುದು. ನಿಲ್ಲಿಸಿದೊಡನೆ ಅವು ಮೊದಲಿಗಿಂತ ಉಗ್ರವಾಗಿ ಮರುಕಳಿಸಲೂಬಹುದು.

ತಮಿಳುನಾಡಿನ ಸಿದ್ಧವೈದ್ಯರು ಹಾಲೆಮರದ ಎಲೆಗಳನ್ನು ತೆಂಗಿನೆಣ್ಣೆಯಲ್ಲಿ ನೆನೆಹಾಕಿ ಬಿಸಿಲಿನಲ್ಲಿಡುತ್ತಾರೆ. ಕೆಲವು ದಿನಗಳಲ್ಲಿ ಎಣ್ಣೆಯು ನೇರಳೆಬಣ್ಣಕ್ಕೆ ತಿರುಗುತ್ತದೆ. ಅದನ್ನು ಈ ರೋಗದ ಮಚ್ಚೆಗಳಿಗೆ ಹಚ್ಚುತ್ತಾರೆ. ಚನ್ನಪಟ್ಟಣದ ಕುಶಲಕರ್ಮಿಗಳು ಬಣ್ಣಬಣ್ಣದ ಗೊಂಬೆಗಳನ್ನು ಕಡೆಯುವುದೂ ಇದೇ ಹಾಲೆಮರದಿಂದ.